ಪಿಳ್ಳಮ್ಮನ ಹೆಸರಿನ ಓಟು

ಮೈಸೂರು
13 ಅಕ್ಟೋಬರ್ 1945

ತಂಗಿ ಪಿಳ್ಳಮ್ಮನಿಗೆ ಅಣ್ಣ ಮುನಿವೆಂಕಟಪ್ಪನ ಆಶೀರ್ವಾದ. ಇಲ್ಲಿ ಊಟ ನಿದ್ದೆಗೆ ಕೊರತೆಯಿಲ್ಲ. ನಿಮ್ಮ ಮನೆಯಲ್ಲೂ ಹಾಗೇ ಇರಲಿ.

ನಮ್ಮ ಚಿಕ್ಕಹೊಸಹಳ್ಳಿಯಿಂದ ವಿಜಯಪುರ ಎರಡು ಹರದಾರಿ. ಅಷ್ಟು ಹತ್ತಿರವಿದ್ದಾಗ ಆಡದ ಮಾತನ್ನು ಇಷ್ಟು ದೂರ ಬಂದು ಬರೆಯುತ್ತಿದ್ದೇನೆ. ಚುನಾವಣೆ ಮುಗಿದ ಮೇಲೆ ನಾನು ನಿಮ್ಮ ಮನೆಗೆ ಬರಲಿಲ್ಲ, ಬಾವನೂ ನಮ್ಮ ಮನೆಗೆ ಬರಲಿಲ್ಲ. ಪ್ರತಿನಿಧಿ ಸಭೆಯ ಒಂದೇ ಜಾಗಕ್ಕೆ ನಾವಿಬ್ಬರೂ ನಿಂತಾಗ ಅಮ್ಮ ಹೇಳಿದ್ದಳು: "ಗೆದ್ದೋನು ಸೋತೋನ ಮನೇಲಿ ಉಣ್ಬೇಕು. ಹಂಗಾದ್ರೆ ನಿಲ್ಲಿ." ನನಗೆ 412, ಬಾವನಿಗೆ 411. ಒಂದೇ ಓಟಿನಲ್ಲಿ ಗೆದ್ದವನು ಎಲೆ ಮುಂದೆ ಕೂತು ಏನು ಮಾತಾಡಲಿ?

ನಿನ್ನೆ ಸಭೆಯ ಕಚೇರಿಯಲ್ಲಿ ಬಾವನ ತಕರಾರು ಅರ್ಜಿಯ ನಕಲು ಕೊಟ್ಟರು. ಕೆಳಗೆ ರಾಮಾಂಜಿನಪ್ಪ ಎಂಬ ಸಹಿ ಕಂಡು ಬೆಂಚಿನ ಮೇಲೆ ಕೂತು ಎರಡು ಸಲ ಓದಿದೆ. ತಕರಾರು ಒಂದೇ. ಚಿಕ್ಕಹೊಸಹಳ್ಳಿ ಶಾಲೆಯಲ್ಲಿ ಪಿಳ್ಳಮ್ಮ ಎಂಬ ಹೆಸರಿಗೆ ಒಂದು ಓಟು ಬಿದ್ದಿದೆ. ಆ ಪಿಳ್ಳಮ್ಮ ಅರ್ಜಿದಾರನ ಹೆಂಡತಿ. ಓಟಿನ ದಿನ ಅವಳು ವಿಜಯಪುರದ ಮನೆ ಬಿಟ್ಟು ಹೋಗಿಲ್ಲ. ಆದ್ದರಿಂದ ಯಾರೋ ಬೇರೆ ಹೆಂಗಸು ಅವಳ ಹೆಸರು ಹೇಳಿಕೊಂಡು ನನಗೆ ಓಟು ಹಾಕಿದ್ದಾಳೆ. ಆ ಓಟನ್ನು ಕಳೆದರೆ ಇಬ್ಬರಿಗೂ 411, ಆಗ ಚೀಟಿ ಎತ್ತಬೇಕು. ಇಷ್ಟೇ.

ಅಪ್ಪ ಅರಿಶಿನ ಕುಂಕುಮಕ್ಕೆಂದು ನಿನ್ನ ಹೆಸರಿಗೆ ಬರೆದ ಎರಡು ಎಕರೆಗೆ ನೀನು ಕಂದಾಯ ಕಟ್ಟುತ್ತೀಯ ಎಂಬ ಕಾರಣಕ್ಕೆ ನಮ್ಮೂರ ಪಟ್ಟಿಗೆ ನಿನ್ನ ಹೆಸರು ಸೇರಿತ್ತು. ಆ ಎರಡು ಎಕರೆ ಎಲ್ಲಿಗೆ ತಂದು ನಿಲ್ಲಿಸಿತು ನೋಡು.

ಅಂದು ನೀನು ಎಲ್ಲಿದ್ದೆ ಎಂದು ನಾನು ಕೇಳುವುದಿಲ್ಲ. ಹಬ್ಬ ಕಳೆದ ಮೇಲೆ ಸಭೆ ಸೇರುತ್ತದೆ. ನನಗಿದು ಮೊದಲ ಅಧಿವೇಶನ, ಕಡೆಯದೂ ಆಗಬಹುದು.

ಇಂತಿ,
ಮುನಿವೆಂಕಟಪ್ಪ

*

ವಿಜಯಪುರ
17 ಅಕ್ಟೋಬರ್ 1945

ಅಣ್ಣನಿಗೆ ಪಿಳ್ಳಮ್ಮನ ನಮಸ್ಕಾರ.

ನಿನ್ನ ಕಾಗದ ಆಯುಧಪೂಜೆಯ ದಿನವೇ ಬಂತು. ಪೋಸ್ಟಿನವನು ನೇರ ಇವರ ಕೈಗೇ ಕೊಟ್ಟ. ಇವರು ಮೈಸೂರಿನ ಮುದ್ರೆ ನೋಡಿದರು, ನಿನ್ನ ಅಕ್ಷರ ನೋಡಿದರು, ಒಡೆಯದೆ ನನ್ನ ಮುಂದಿಟ್ಟು ಚರಕಗಳಿಗೆ ಕುಂಕುಮ ಇಡಲು ಹೋದರು. ಏನು ಬರೆದಿದೆ ಎಂದು ಇವತ್ತಿನವರೆಗೂ ಕೇಳಿಲ್ಲ. ಕೇಳದಿರುವುದು ಈ ಮನುಷ್ಯನ ದೊಡ್ಡ ಗುಣ. ಅದೇ ದೊಡ್ಡ ಕಷ್ಟ ಕೂಡ.

ರೇಷ್ಮೆ ಕೆಲಸ ನಡೆದಿದೆ. ಯುದ್ಧ ಮುಗಿಯಿತಲ್ಲ, ಇನ್ನು ಪ್ಯಾರಾಚೂಟಿಗೆ ನೂಲು ಕೇಳುವವರಿಲ್ಲ ಎಂದು ಊರಲ್ಲಿ ಮಾತು. ಇವರು, "ಸೀರೆ ಉಡೋದು ಯಾರೂ ಬಿಟ್ಟಿಲ್ಲವಲ್ಲ" ಎಂದು ನಾಲ್ಕು ಚರಕಗಳನ್ನೂ ಓಡಿಸುತ್ತಿದ್ದಾರೆ.

ನಿನಗೊಂದು ವಿಷಯ ಗೊತ್ತಿರಲಿ. ಓಟು ಎಣಿಸುವಾಗ ಚಿಕ್ಕಹೊಸಹಳ್ಳಿಯ ಪೆಟ್ಟಿಗೆಯನ್ನು ಬೇರೆಯಾಗಿಯೇ ತೆರೆದರಂತೆ. ನಿನಗೆ 93, ಇವರಿಗೆ 1. ಆ ಒಂದನ್ನು ಇವರು ಎಷ್ಟು ಸಲ ಹೇಳಿಕೊಂಡಿದ್ದಾರೋ ಲೆಕ್ಕವಿಲ್ಲ. "ನಿಮ್ಮೂರಲ್ಲೂ ನನ್ನ ಮೇಲೆ ನಂಬಿಕೆ ಇಟ್ಟೋನು ಒಬ್ಬನವ್ನೆ ಕಣೇ." ಅದು ಅಲ್ಲಿನ ನಮ್ಮ ಓಣಿಯ ದೊಡ್ಡಮುನಿಯಪ್ಪನದೇ ಎಂದು ಇವರ ತೀರ್ಮಾನ. ಯಾವಾಗಲೋ ಅವನ ಎತ್ತಿಗೆ ಔಷಧ ಕೊಡಿಸಿದ್ದರಂತೆ. ಅವನಿಗೊಂದು ಹೊಸ ಕಂಬಳಿ ಕಳುಹಿಸಿದ್ದಾರೆ. ಅವನೂ ಇಟ್ಟುಕೊಂಡಿದ್ದಾನೆ.

ಸಭೆಯವರು ಅರ್ಜಿಯನ್ನು ಹೇಗೆ ವಿಚಾರಿಸುತ್ತಾರೆ? ಯಾರನ್ನು ಕರೆಯುತ್ತಾರೆ? ಹೆಂಗಸರನ್ನೂ ಕರೆಯುತ್ತಾರೆಯೇ? ಸುಮ್ಮನೆ ತಿಳಿದುಕೊಳ್ಳಲು ಕೇಳಿದೆ. ಸರಿಯಾಗಿ ಬರೆ.

ಪಿಳ್ಳಮ್ಮ

*

ಮೈಸೂರು
21 ಅಕ್ಟೋಬರ್ 1945

ಪಿಳ್ಳಮ್ಮನಿಗೆ ಆಶೀರ್ವಾದ.

ನೀನು ಕೇಳಿದ್ದಕ್ಕೆ ಸರಿಯಾಗಿಯೇ ಬರೆಯುತ್ತೇನೆ.

ಮೊದಲ ದಿನ ಪ್ರಮಾಣ ಮಾಡಿ ಕೂತೆ. ಬಾವಿ ತೋಡುವ ರೈತರ ವಿಷಯ ಬಂದು ಕೈ ಎತ್ತುವ ಹೊತ್ತಿಗೆ ಆಚೆ ಸಾಲಿನ ಸದಸ್ಯರೊಬ್ಬರು ಎದ್ದು, ತಕರಾರು ಇರುವ ನಮ್ಮ ಮೂವರ ಕಡೆ ಬೆರಳು ತೋರಿಸಿದರು. "ಇವರ ಕುರ್ಚಿಯೇ ಇತ್ಯರ್ಥವಾಗಿಲ್ಲ. ಇವರು ಎತ್ತಿದ ಕೈ ಲೆಕ್ಕಕ್ಕೆ ಬರುತ್ತದೆಯೇ?" ಸಭೆಯೆಲ್ಲ ನಮ್ಮ ಕಡೆ ತಿರುಗಿತು. ಸಂತೆಯಲ್ಲಿ ಹಲ್ಲು ಹಿಡಿದು ನೋಡಿಸಿಕೊಳ್ಳುವ ಎತ್ತಿನ ಹಾಗೆ ನಿಂತಿದ್ದೆ. ಅಧ್ಯಕ್ಷರು ಹೇಳಿದರು: "ಸಭೆ ಕೂರಿಸಿದವರನ್ನು ಸಭೆಯೇ ಏಳಿಸಬೇಕು. ಅಲ್ಲಿಯವರೆಗೆ ಇವರೂ ನಿಮ್ಮಂತೆ ಸದಸ್ಯರೇ." ನಾನು ಕೈ ಎತ್ತಿದೆ. ಆದರೆ ಪೂರ್ತಿ ಮೇಲಕ್ಕೆ ಹೋಗಲಿಲ್ಲ.

ಅರ್ಜಿಗಳನ್ನು ವಿಚಾರಿಸಲು ಸದಸ್ಯರಲ್ಲೇ ಐವರ ಸಮಿತಿ ಮಾಡಿದ್ದಾರೆ. ಎರಡು ಕಡೆಯವರೂ ಇದ್ದಾರೆ. ಮುಖ್ಯಸ್ಥರು ನರಸಿಂಹಯ್ಯನವರು, ಹಿಂದೆ ಮುನ್ಸೀಫರಾಗಿದ್ದವರು. ಸಮಿತಿ ವಿಚಾರಿಸಿ ವರದಿ ಕೊಡುತ್ತದೆ, ಸಭೆ ಅದನ್ನು ಒಪ್ಪಬೇಕು ಅಥವಾ ಬಿಡಬೇಕು.

ಎರಡು ಅರ್ಜಿ ಆಗಲೇ ಮುಗಿದವು. ಮೊದಲನೆಯದರಲ್ಲಿ ಸಾಕ್ಷಿಯ ಹೆಸರೇ ಇರಲಿಲ್ಲ. "ಊರೆಲ್ಲ ಹೇಳುತ್ತಾರೆ" ಎಂದು ಬರೆದಿತ್ತು. ನರಸಿಂಹಯ್ಯನವರು, "ಊರೆಲ್ಲವನ್ನೂ ಕೂರಿಸೋಕೆ ಇಲ್ಲಿ ಬೆಂಚು ಸಾಲದು" ಎಂದು ಅದನ್ನು ವಜಾ ಮಾಡಿದರು. ಎರಡನೆಯದರಲ್ಲಿ ಗೆದ್ದವರು ಓಟಿನ ಹಿಂದಿನ ದಿನ ಮೂರು ಊರಿಗೆ ಒಬ್ಬಟ್ಟಿನ ಊಟ ಹಾಕಿಸಿದ್ದು ರುಜುವಾತಾಯಿತು. ಸಭೆ ಅವರ ಆಯ್ಕೆಯನ್ನು ರದ್ದು ಮಾಡಿತು. ಆತ ಎದ್ದು, ಪೇಟ ಸರಿಮಾಡಿಕೊಂಡು, ಅಧ್ಯಕ್ಷರಿಗೆ ಕೈ ಮುಗಿದು ನಡೆದರು. ಬಾಗಿಲು ತಲುಪುವವರೆಗೆ ಯಾರೂ ಕೆಮ್ಮಲಿಲ್ಲ. ಆ ನಡಿಗೆ ನನ್ನ ಕಣ್ಣಿನಿಂದ ಹೋಗುತ್ತಿಲ್ಲ.

ಮೂರನೆಯದು ನನ್ನದು. ನಿನ್ನನ್ನು ಸಾಕ್ಷಿಗೆ ಕರೆಯುತ್ತಾರೆ. ಇನ್ನು ಮುಚ್ಚಿಡುವುದಿಲ್ಲ, ಅಂದು ನೀನು ಬೆಳಗಿನ ಬಸ್ಸಿಗೆ ಬಂದು ಮಧ್ಯಾಹ್ನದ ಬಸ್ಸಿಗೆ ಹೋದದ್ದನ್ನು ಅಮ್ಮ ನನಗೆ ಅವತ್ತೇ ಹೇಳಿದ್ದಳು. ಗಂಡನಿಗೆ ತಿಳಿಯದಂತೆ ಬಂದು ಅಣ್ಣನಿಗೆ ಓಟು ಹಾಕಿ ಹೋದೆ. ಈ ಋಣ ಹೇಗೆ ತೀರಿಸಲಿ? ನೀನು ನಿಜ ಹೇಳಿದರೆ ಬಾವ ಪ್ರಮಾಣ ಮಾಡಿ ಬರೆದದ್ದು ಸುಳ್ಳಾಗುತ್ತದೆ. ಹೇಳದಿದ್ದರೆ ನೀನೇ ಸುಳ್ಳುಗಾತಿ. ಎರಡೂ ಬೇಡ. ರಾಜೀನಾಮೆ ಬರೆದು ಜೇಬಿನಲ್ಲಿಟ್ಟುಕೊಂಡಿದ್ದೇನೆ. ನಿನ್ನ ಹೆಸರು ಕೂಗುವ ಮೊದಲೇ ಕೊಟ್ಟುಬಿಡುತ್ತೇನೆ.

ಮುನಿವೆಂಕಟಪ್ಪ

*

ವಿಜಯಪುರ
24 ಅಕ್ಟೋಬರ್ 1945

ಅಣ್ಣಾ,

ಆ ಕಾಗದವನ್ನು ಹರಿದು ಹಾಕು. ನಮಸ್ಕಾರ ಆಮೇಲೆ.

ನನ್ನ ಓಟನ್ನು ನಾನು ಹಾಕಿದ್ದೇನೆ. ಅದಕ್ಕೆ ಉತ್ತರ ಹೇಳಬೇಕಾದವಳೂ ನಾನೇ. ನೀನು ಕುರ್ಚಿ ಬಿಟ್ಟು ಎದ್ದು ಬಂದರೆ ಜನ, "ಆ ಪಿಳ್ಳಮ್ಮನ ಹೆಸರಲ್ಲಿ ಏನೋ ಮೋಸ ಇತ್ತು" ಎನ್ನುತ್ತಾರೆ. ನಿನ್ನ ದೊಡ್ಡಸ್ತಿಕೆಗೆ ನನ್ನ ಹೆಸರು ಯಾಕೆ ಕೆಡಬೇಕು?

ನಿನ್ನ ಕಾಗದದ ಜೊತೆಯಲ್ಲೇ ಸಮಿತಿಯ ಸಮನ್ಸೂ ಬಂತು. ಅದು ಇವರ ಕೈ ಸೇರುವ ಮೊದಲೇ ಹೇಳಿಬಿಡಬೇಕೆಂದು ನೂಲು ತೆಗೆಯುವ ಕೊಟ್ಟಿಗೆಗೆ ಹೋದೆ. ಒಲೆಯ ಮೇಲೆ ರೇಷ್ಮೆ ಗೂಡು ಬೇಯುತ್ತಿತ್ತು. ಇವರು ಎಳೆ ಹುಡುಕುತ್ತಾ ಕೂತಿದ್ದರು.

"ಅವತ್ತು ಚಿಕ್ಕಹೊಸಹಳ್ಳೀಲಿ ನನ್ನ ಹೆಸರಲ್ಲಿ ಓಟು ಹಾಕಿದ್ದು ಬೇರೆ ಯಾರೂ ಅಲ್ಲ. ನಾನೇ" ಎಂದೆ.

ಇವರು ತಲೆ ಎತ್ತಲಿಲ್ಲ. ಚರಕ ನಿಂತಿತು.

"ನಾನು ಬೇಡ ಅಂದಿದ್ನಲ್ಲ. ಯಾರಿಗಾಕಿದ್ರೂ ಒಂದು ಮನೇಲಿ ನಿಂಗೆ ನೆಮ್ಮದಿ ಇರಲ್ಲ, ಹೋಗ್ಬೇಡ ಅಂದಿದ್ನಲ್ಲ."

"ಅಂದಿದ್ರಿ. ಆದ್ರೆ ಪಟ್ಟೀಲಿ ನನ್ನ ಹೆಸರು ಅಚ್ಚಾಗಿತ್ತು. ಅದನ್ನ ತಂದು ತೋರಿಸಿದ್ದೂ ನೀವೇ. ನನ್ನ ಹೆಸರು ಅಚ್ಚಲ್ಲಿ ನೋಡಿದ್ದು ಅದೇ ಮೊದಲು. ಮನೇಲಿರೋಕಾಗ್ಲಿಲ್ಲ."

"ಅರ್ಜಿ ಬರೆಸೋವಾಗ ಯಾಕೇಳ್ಲಿಲ್ಲ?"

"ನೀವು ಕೇಳ್ಲಿಲ್ಲ. ವಕೀಲ್ರ ಮನೇಲಿ ಬರೆಸಿ, ಮೈಸೂರಿಗೆ ಕಳಿಸಿ, ಆಮೇಲೆ ಬಂದು ಹೇಳಿದ್ರಿ. ಹೆಂಡ್ತಿ ಮನೇಲಿದ್ಲು ಅಂತ ಬರೆಯೋಕ್ ಮುಂಚೆ ಹೆಂಡ್ತೀನ ಒಂದು ಮಾತು ಕೇಳ್ಬೋದಿತ್ತು."

ನಾನೂ ತಪ್ಪಿಲ್ಲದವಳಲ್ಲ ಅಣ್ಣಾ. ಕೇಳಲಿಲ್ಲ ಎಂಬ ನೆಪ ಹಿಡಿದು ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದೆ. ಅದನ್ನೂ ಹೇಳಿದೆ.

ಇವರು ಒಲೆಯ ಕೊಳ್ಳಿಯನ್ನು ಹಿಂದಕ್ಕೆಳೆದರು. ಬೈಯುತ್ತಾರೆಂದುಕೊಂಡೆ. "ಹಂಗಾದ್ರೆ ನಾನು ಸುಳ್ಳು ಪ್ರಮಾಣ ಮಾಡ್ದಂಗಾಯ್ತಲ್ಲೇ" ಎಂದರು, ಅಷ್ಟೇ. ಆ ದನಿ ಕೇಳಿ ನನಗೆ ಮೊದಲ ಸಲ ಅಳು ಬಂತು. ಯಾರಿಗೆ ಹಾಕಿದೆ ಎಂದು ಮಾತ್ರ ಕೇಳಲಿಲ್ಲ. ಗೊತ್ತೇ ಇದೆ ಎಂಬಂತೆ ಎದ್ದು ಹೋದರು.

ಇವತ್ತು ಬೆಳಿಗ್ಗೆ ಇದ್ದಿಲಿನಿಂದ ಓಡುವ ಬಸ್ಸಿನಲ್ಲಿ ಬೆಂಗಳೂರಿಗೆ ಹೊರಟರು. ಅಲ್ಲಿಂದ ರೈಲು. ಅರ್ಜಿಯನ್ನು ವಾಪಸ್ಸು ಪಡೆದು ಬರುತ್ತಾರಂತೆ. ಮೈಸೂರಿನಲ್ಲಿ ಅವರಿಗೆ ಯಾರೂ ಗೊತ್ತಿಲ್ಲ. ಎಲ್ಲಿ ಉಳಿಯುತ್ತಾರೋ ನೋಡಿಕೋ.

ಪಿಳ್ಳಮ್ಮ

*

ಮೈಸೂರು
27 ಅಕ್ಟೋಬರ್ 1945

ಪಿಳ್ಳಮ್ಮಾ,

ಬಾವ ನನ್ನ ಕೋಣೆಯಲ್ಲೇ ಇದ್ದಾನೆ. ಈಗ ಪಕ್ಕದ ಚಾಪೆಯ ಮೇಲೆ ಮಲಗಿ, ನಾನು ಏನು ಬರೆಯುತ್ತಿದ್ದೇನೆ ಎಂದು ನೋಡದವನಂತೆ ನೋಡುತ್ತಿದ್ದಾನೆ.

ಮೊನ್ನೆ ಸಂಜೆ ನಾನಿಳಿದಿರುವ ಛತ್ರದ ಬಾಗಿಲಲ್ಲಿ ಚೀಲ ಹಿಡಿದು ನಿಂತಿದ್ದ. ನಾನು "ಬಾ ಬಾವ" ಎಂದೆ. ಅವನು "ಹೂಂ" ಎಂದ. ಮಾರನೆಯ ಬೆಳಿಗ್ಗೆ ಇಬ್ಬರೂ ಸಮಿತಿಯ ಮುಂದೆ ಹೋದೆವು.

ಬಾವ ಕೈ ಮುಗಿದು, "ಸ್ವಾಮಿ, ನಾನು ಬರೆದಿದ್ದು ತಪ್ಪು. ಹೆಂಡ್ತೀನ ಕೇಳ್ದೆ ಬರೆದ್ಬಿಟ್ಟೆ. ಅರ್ಜಿ ವಾಪಸ್ ಕೊಡಿ, ಹೋಗ್ತೀನಿ" ಎಂದ. ನಾನೂ ಜೇಬಿನ ಕಾಗದ ತೆಗೆದು ಮುಂದಿಟ್ಟೆ. (ಹರಿದಿರಲಿಲ್ಲ. ಬೈಯಬೇಡ, ನಿನ್ನ ಕಾಗದ ಇನ್ನೂ ತಲುಪಿರಲಿಲ್ಲ.)

ನರಸಿಂಹಯ್ಯನವರು ಎರಡನ್ನೂ ನೋಡಿ ಕನ್ನಡಕ ಕಳಚಿದರು. ಅವರು ಹೇಳಿದ್ದನ್ನು ನನಗೆ ನೆನಪಿದ್ದಷ್ಟು ಬರೆಯುತ್ತೇನೆ.

"ಅರ್ಜಿ ಕೊಟ್ಟೋರು ನೀವು, ತಗೊಂಡಿದ್ದು ಸಭೆ. ಇನ್ನು ಇದು ನಿಮ್ಮಿಬ್ಬರ ಮನೆ ಜಗಳ ಅಲ್ಲ. ಎಂಟುನೂರ ಇಪ್ಪತ್ತಮೂರು ಜನ ಹಾಕಿದ ಓಟಿನ ವಿಷಯ. ನೀವು ನೀವೇ ರಾಜಿ ಮಾಡ್ಕೊಂಡು ಒಬ್ಬರು ಅರ್ಜಿ, ಇನ್ನೊಬ್ಬರು ರಾಜೀನಾಮೆ ಹಿಡ್ಕೊಂಡು ಬಂದ್ರೆ ನಾವು ಯಾವುದನ್ನ ನಂಬೋದು? ಆ ತಾಯಿ ಹೆಸರಲ್ಲಿ ಓಟು ಬಿದ್ದಿದೆ. ಹಾಕಿದ್ದು ಅವರೋ ಅಲ್ಲವೋ ಅಂತ ಅವರನ್ನೇ ಕೇಳಿ ಬರೆದಿಡೋವರೆಗೂ ನೀವಿಬ್ಬರೂ ಕೂತ್ಕೊಳ್ಳಿ."

ನಾವಿಬ್ಬರೂ ಕೂತೆವು. ಒಂದೇ ಬೆಂಚಿನ ಮೇಲೆ.

ನೀನು ಇಷ್ಟು ದೂರ ಬರಬೇಕಾಗಿಲ್ಲ. ಸಮಿತಿಯ ಇಬ್ಬರು ಇದೇ 31ಕ್ಕೆ ದೇವನಹಳ್ಳಿಯ ಪ್ರವಾಸಿ ಬಂಗಲೆಗೆ ಬರುತ್ತಾರೆ. ಬಾವ ನಾಳೆ ಹೊರಡುತ್ತಾನೆ, ನಿನ್ನ ಜೊತೆಗಿರುತ್ತಾನೆ. ನನಗೆ ಸಭೆ ಇದೆ. ಇರದಿದ್ದರೂ ಬರುವಂತಿಲ್ಲ, ನನ್ನ ಮುಖ ನೋಡಿ ನೀನು ಹೇಳಿದೆ ಎಂದು ಆಗಬಾರದಂತೆ.

ನಿನ್ನೆ ಹೋಟೆಲಿನಲ್ಲಿ ಒಟ್ಟಿಗೆ ಉಂಡೆವು. ಬಾವ ನನ್ನ ಎಲೆಗೆ ತುಪ್ಪ ಸಾಲದೆಂದು ಬಡಿಸುವವನ ಮೇಲೆ ರೇಗಿದ. ಆಮೇಲೆ, "ಸಭೇಲಿ ಕೈ ಎತ್ತೋದಾದ್ರೆ ನೆಟ್ಟಗೆ ಎತ್ತು ಬಾವ. ಅರ್ಧ ಎತ್ತಿದ್ರೆ ನಿಂಗೆ ಓಟು ಹಾಕ್ದೋರಿಗೆ ಅವಮಾನ" ಎಂದ. ಅವನಿಗೆ ಅದನ್ನು ಹೇಳಿದವರು ಯಾರು? ನಿನಗೆ ಬರೆದ ಕಾಗದವನ್ನು ನೀನು ಓದಿಸಿದೆ ಎಂದಾಯಿತು. ಇರಲಿ.

ಮುನಿವೆಂಕಟಪ್ಪ

*

ವಿಜಯಪುರ
1 ನವೆಂಬರ್ 1945

ಅಣ್ಣನಿಗೆ ಪಿಳ್ಳಮ್ಮನ ನಮಸ್ಕಾರ.

ಹೋಗಿ ಬಂದೆ. ನೀನು ಹೆದರಿದಷ್ಟು ಏನೂ ಇರಲಿಲ್ಲ.

ಬಂಗಲೆಯ ಜಗಲಿಯ ಮೇಲೆ ಮೇಜು ಹಾಕಿದ್ದರು. ನರಸಿಂಹಯ್ಯನವರು ನನಗೂ ಕುರ್ಚಿ ತರಿಸಿದರು. ಇವರು ಮರದ ಕೆಳಗೆ ನಿಂತಿದ್ದರು. ಅಂದು ಓಟು ಹಾಕಿಸಿದ ದೊಡ್ಡಬಳ್ಳಾಪುರದ ಹೆಡ್‌ಮಾಸ್ತರು ಗಂಗಣ್ಣನವರನ್ನೂ ಕರೆಸಿದ್ದರು. ಅವರು ಹೇಳಿದರು: "ಅವತ್ತು ಹನ್ನೊಂದು ಜನ ಹೆಂಗಸರು ಬಂದಿದ್ರು. ಹತ್ತು ಜನ ಹೆಬ್ಬೆಟ್ಟು ಒತ್ತಿದ್ರು. ಒಬ್ಬರು ಮಾತ್ರ ಸೀಸದಕಡ್ಡಿ ಬೇಡ, ಶಾಯಿ ಕೊಡಿ ಅಂತ ಕೇಳಿ ಸಹಿ ಹಾಕಿದ್ರು." ಮುಚ್ಚಿದ ಲಕೋಟೆಯಿಂದ ಆ ಹಾಳೆಯನ್ನು ತೆಗೆದರು. ನನ್ನ ಕೈಲಿ ಮೂರು ಸಲ ಸಹಿ ಮಾಡಿಸಿದರು. ನಾನು ಳಕಾರದ ಒತ್ತನ್ನು ಬಾಲ ಎಳೆದು ಬರೆಯುವುದಕ್ಕೆ ಶಾಲೆಯಲ್ಲಿ ಎಷ್ಟು ಏಟು ತಿಂದಿದ್ದೆ. ಅದೇ ಬಾಲ ಹಾಳೆಯಲ್ಲೂ ಇತ್ತು. ಮೇಷ್ಟ್ರು ತಿದ್ದಿ ಗೆದ್ದಿದ್ದರೆ ನನ್ನ ಗತಿ ಏನಾಗುತ್ತಿತ್ತೋ.

ವಿಜಯಪುರದಲ್ಲೂ ಓಟು ಹಾಕಿದಿರಾ ಎಂದು ಕೇಳಿದರು. ಇಲ್ಲಿನ ಪಟ್ಟಿಯಲ್ಲಿ ನನ್ನ ಹೆಸರಿಲ್ಲ ಎಂದೆ. ಯಾರಾದರೂ ಕರೆದುಕೊಂಡು ಬಂದರಾ? ನಾನೇ ಬಂದೆ. ಯಾರಾದರೂ ಹೇಳಿಕೊಟ್ಟರಾ? ಬೇಡ ಎಂದು ಹೇಳಿದವರಿದ್ದಾರೆ, ಹಾಕು ಎಂದವರಿಲ್ಲ. ಅದಕ್ಕೆ ಗುಮಾಸ್ತ ನಕ್ಕ. ನಾನು ನಗಲಿಲ್ಲ.

ಜೊತೆಯಲ್ಲಿದ್ದ ಇನ್ನೊಬ್ಬ ಸದಸ್ಯರು, "ಯಾರಿಗೆ ಹಾಕಿದ್ರಿ?" ಎಂದರು.

ನರಸಿಂಹಯ್ಯನವರು ಗುಮಾಸ್ತನ ಕೈ ಹಿಡಿದರು. "ಅದನ್ನ ಬರ್ಕೋಬೇಡಿ. ಓಟು ಅವರದೇ ಅಂತ ಆಯ್ತು, ಇನ್ನು ಓಟಿನ ಚೀಟಿ ತೆಗೆದು ನೋಡೋ ಹಾಗಿಲ್ಲ." ಆಮೇಲೆ ನನ್ನ ಕಡೆ ತಿರುಗಿದರು. "ಅದು ನಿಮ್ಮದು ತಾಯಿ. ಸಭೆಗೂ ಬೇಡ, ಸರ್ಕಾರಕ್ಕೂ ಬೇಡ."

ಅಣ್ಣಾ, ಜಮೀನು ನನ್ನ ಹೆಸರಲ್ಲಿದೆ, ಬೆಳೆ ಏನಿಡಬೇಕೆಂದು ನೀನು ನೋಡುತ್ತೀಯ. ಒಡವೆ ನನ್ನದು, ಬೀಗದ ಕೈ ಇವರ ಹತ್ತಿರ. ಒಂದು ವಸ್ತುವನ್ನು ತೋರಿಸಿ ಇದು ನಿಮ್ಮದು, ಯಾರೂ ಕೇಳುವಂತಿಲ್ಲ ಎಂದು ನನಗೆ ಇದುವರೆಗೆ ಯಾರೂ ಹೇಳಿರಲಿಲ್ಲ. ಮೆಟ್ಟಿಲಿಳಿದು ಬರುವಾಗ ಮೈ ಹಗುರವಾಗಿತ್ತು.

ಬಸ್ಸಿನಲ್ಲಿ ಇವರು, "ಅಣ್ಣಂಗೆ ಹಾಕಿದ್ದು ತಪ್ಪಲ್ಲ ಕಣೇ. ನಂಗೇನು ಬೇಜಾರಿಲ್ಲ" ಎಂದರು. ನಾನು ಕಿಟಕಿಯಾಚೆ ನೋಡುತ್ತಿದ್ದೆ. ಈ ವರ್ಷ ರಾಗಿ ತೆನೆ ಚೆನ್ನಾಗಿ ಕಟ್ಟಿದೆ.

ಪಿಳ್ಳಮ್ಮ

*

ಮೈಸೂರು
7 ನವೆಂಬರ್ 1945

ತಂಗಿಗೆ ಅಣ್ಣನ ಆಶೀರ್ವಾದ.

ನಿನ್ನೆ ವರದಿ ಸಭೆಯ ಮುಂದೆ ಬಂತು. "ಪಿಳ್ಳಮ್ಮ ಎಂಬ ಮತದಾರರು ತಾವೇ ಹಾಜರಾಗಿ, ತಮ್ಮ ಹಕ್ಕನ್ನು ತಾವೇ ಚಲಾಯಿಸಿದ್ದಾರೆ. ಅರ್ಜಿದಾರರು ತಿಳಿಯದೆ ತಪ್ಪು ಬರೆದು, ತಿಳಿದ ಕೂಡಲೇ ತಾವಾಗಿ ಬಂದು ಒಪ್ಪಿಕೊಂಡಿದ್ದಾರೆ. ಅವರ ಮೇಲೆ ಕ್ರಮ ಬೇಡ. ಆಯ್ಕೆ ಊರ್ಜಿತ." ಕೈ ಎತ್ತಿ ಎಂದರು. ಮೊದಲ ದಿನ ನಮ್ಮ ಕಡೆ ಬೆರಳು ತೋರಿಸಿದ್ದವರೇ ಮೊದಲು ಎತ್ತಿದರು. ನನ್ನ ವಿಷಯವಾದ್ದರಿಂದ ನಾನು ಎತ್ತುವಂತಿರಲಿಲ್ಲ. ಹೊರಗೆ ಹೋಗಿ ಕಂಬದ ಹತ್ತಿರ ನಿಂತಿದ್ದೆ. ಜವಾನ ಬಂದು, "ಒಳಗೆ ಬರ್ಬೇಕಂತೆ" ಎಂದು ಕರೆದ.

ಈಗ ನಾನು ಪೂರ್ತಿ ಸದಸ್ಯ, ಪಿಳ್ಳಮ್ಮಾ. ಬಾವನಿಗೆ ಎದುರಾಗಿ, ಗುಟ್ಟಾಗಿ, ನೀನು ನನಗೆ ಕೊಟ್ಟ ಆ ಒಂದು ಓಟಿನ ಮೇಲೆ ಕೂತಿದ್ದೇನೆ. ಅದಿಲ್ಲದಿದ್ದರೆ ಚೀಟಿ ಎತ್ತಿಸಿಕೊಳ್ಳುವ ಪಾಡಾಗುತ್ತಿತ್ತು. ಸಾಯುವವರೆಗೂ ಮರೆಯುವುದಿಲ್ಲ.

ಶನಿವಾರ ಊರಿಗೆ ಬಂದು, ಭಾನುವಾರ ನಿಮ್ಮ ಮನೆಗೆ ಊಟಕ್ಕೆ ಬರುತ್ತೇನೆ. ಮುಂದಿನ ಅಧಿವೇಶನಕ್ಕೆ ನಮ್ಮ ತಾಲ್ಲೂಕಿನ ಪರವಾಗಿ ಪ್ರಶ್ನೆಗಳನ್ನು ಕಳುಹಿಸಬೇಕು. ವಿಜಯಪುರಕ್ಕೆ ಏನು ಬೇಕೋ ಬಾವನಿಗೆ ಬರೆದಿಡಲು ಹೇಳು. 411 ಜನ ಅವನನ್ನು ನಂಬಿದ್ದರು. ಅವರಿಗೂ ನಾನೇ ಉತ್ತರ ಹೇಳಬೇಕಲ್ಲ.

ಮುನಿವೆಂಕಟಪ್ಪ

*

ವಿಜಯಪುರ
9 ನವೆಂಬರ್ 1945

ಅಣ್ಣಾ,

ಈ ಕಾಗದವನ್ನು ಚಿಕ್ಕಹೊಸಹಳ್ಳಿಗೇ ಬರೆಯುತ್ತಿದ್ದೇನೆ. ಭಾನುವಾರ ಎದುರೆದುರು ಹೇಳಲು ನನಗೆ ಬಾಯಿ ಬರುವುದಿಲ್ಲ. ಮೊದಲೇ ಓದಿಕೊಂಡು ಬಾ.

ನಾನು ಓಟು ಹಾಕಿದ್ದು ನಿನಗಲ್ಲ.

ಹೇಳಬೇಕಾಗಿರಲಿಲ್ಲ, ಅದು ನನ್ನದು ಎಂದು ನರಸಿಂಹಯ್ಯನವರೇ ಹೇಳಿದ್ದಾರೆ. ಆದರೆ ಮಾಡದ ಉಪಕಾರಕ್ಕೆ ನೀನು ಸಾಯುವವರೆಗೂ ಋಣಿಯಾಗಿರುವುದನ್ನು ನೋಡಿಕೊಂಡು ಇರಲಾರೆ. ನಮ್ಮೂರಲ್ಲಿ ನಿನಗೆ ನನ್ನ ಓಟು ಬೇಕಾಗಿರಲಿಲ್ಲ. ಇಡೀ ಊರು ನಿನ್ನದಾಗಿತ್ತು. ಹೆಂಡತಿಯ ತವರಿನ ಪೆಟ್ಟಿಗೆ ತೆರೆದಾಗ ಅದರಲ್ಲಿ ಇವರ ಹೆಸರಿಗೆ ಸೊನ್ನೆ ಇದ್ದರೆ ಇವರ ಮುಖ ಹೇಗಾಗುತ್ತದೆ ಎಂದು ಯೋಚಿಸಿದೆ. ಅಷ್ಟಕ್ಕಾಗಿ ಬಂದೆ. ಆ ಒಂದು ನನ್ನದು. ಒಂದು ಓಟಿನಲ್ಲಿ ನೀನು ಗೆದ್ದದ್ದು ನನ್ನಿಂದಲೇ, ಅದು ನಿಜ. ನಾನು ಬಾರದಿದ್ದರೆ ನೀನು ಎರಡು ಓಟಿನಲ್ಲಿ ಗೆಲ್ಲುತ್ತಿದ್ದೆ, ಯಾರೂ ಅರ್ಜಿ ಹಾಕುತ್ತಿರಲಿಲ್ಲ.

ನಿನ್ನ ಕಾಗದ ಓದಿ ಮುಗಿಸಿ ಇವರಿಗೂ ಹೇಳಿದೆ. ಇವರು ಬೆರಳು ಮಡಚಿ ಲೆಕ್ಕ ಹಾಕಿದರು. ಇನ್ನೊಂದು ಸಲ ಹಾಕಿದರು. ತಾವು ಇಷ್ಟು ದಿನ ಕಳೆದು ಹಾಕಲು ಹೋರಾಡಿದ್ದು ತಮ್ಮ ಓಟನ್ನೇ ಎಂಬುದು ಎರಡನೇ ಸಲಕ್ಕೆ ಅರ್ಥವಾಯಿತು.

"ಹಂಗಾದ್ರೆ ದೊಡ್ಡಮುನಿಯಪ್ಪ?" ಎಂದರು.

"ಅವನು ಅಣ್ಣನಿಗೇ ಹಾಕಿರ್ತಾನೆ."

"ಕಂಬಳಿ ಇಟ್ಕೊಂಡ್ನಲ್ಲ."

"ಕೊಟ್ಟಿದ್ದು ನೀವು. ಯಾಕೆ ಅಂತ ಹೇಳಿ ಕೊಟ್ರಾ?"

ಇವರು ನಗಲು ಶುರುಮಾಡಿದವರು ನಿಲ್ಲಿಸಲಿಲ್ಲ. ಕೊಟ್ಟಿಗೆಯಲ್ಲಿ ನೂಲು ತೆಗೆಯುವ ಹೆಂಗಸರು ಇಣುಕಿ ನೋಡಿದರು. ಕಣ್ಣೊರೆಸಿಕೊಂಡು, ನನ್ನನ್ನು ಮೊದಲ ಸಲ ನೋಡುವವರ ಹಾಗೆ ನೋಡಿದರು. ನನಗೆ ನಾಚಿಕೆಯಾಗಿ ಒಳಗೆ ಹೋದೆ. ಈ ವಯಸ್ಸಿನಲ್ಲಿ ಇದನ್ನೆಲ್ಲ ಅಣ್ಣನಿಗೆ ಬರೆಯಬಾರದು.

ಸಂಜೆ ಇವರು ಹಾಳೆ, ಶಾಯಿ ತಂದು ಕೂತರು. ವಿಜಯಪುರಕ್ಕೆ ಏನು ಬೇಕೆಂದು ನೀನು ಕೇಳಿದ್ದೆಯಲ್ಲ. ರಸ್ತೆ, ಮಾರುಕಟ್ಟೆಗೆ ಚಾವಣಿ ಎಂದು ಇವರ ಮನಸ್ಸಿನಲ್ಲಿ ಉದ್ದನೆಯ ಪಟ್ಟಿಯೇ ಇದೆ. ಲೇಖನಿ ಅದ್ದಿ, ಬರೆಯಲು ಬಗ್ಗಿ, ಮತ್ತೆ ತಲೆ ಎತ್ತಿದರು.

"ನಿಂಗೇನು ಬೇಕೇಳು."

ನಾನು ಕೊಟ್ಟಿಗೆಯ ಕಡೆ ನೋಡಿ ಹೇಳಿದೆ. ಬಿಸಿ ನೀರಿನಲ್ಲಿ ಗೂಡು ಬಿಡಿಸುವ ಹೆಂಗಸರ ಬೆರಳು ಸುಲಿದು ಹೋಗುತ್ತವೆ. ಅವರ ಕೈಗೆ ಮದ್ದು ಹಚ್ಚುವುದಕ್ಕೆ, ಹೆರಿಗೆ ನೋಡುವುದಕ್ಕೆ, ಊರಲ್ಲಿ ಒಬ್ಬಳು ನರ್ಸು ಬೇಕು.

ಇವರು ಹಾಳೆಯ ತಲೆಯಲ್ಲಿ ಒಂದು ಎಂದು ಹಾಕಿ, ನಾನು ಹೇಳಿದಂತೆಯೇ ಬರೆದುಕೊಂಡರು.

ಪಿಳ್ಳಮ್ಮ